ಹೊಕ್ಕುಳ ಸುತ್ತಲಿನ ಹದಿನಾಲ್ಕು ಸೂಜಿಗಳು

ಭಾಲ್ಕಿ ತಾಲ್ಲೂಕಿನ ಮೆಹಕರ ಹಾಗೂ ಅದರ ಸುತ್ತಲಿನ ಗಡಿಸೀಮೆಯ ಹಳ್ಳಿಗಳಲ್ಲಿ ಯಾರಿಗಾದರೂ ನಾಯಿ ಕಚ್ಚಿತೆಂಬ ಸುದ್ದಿ ಹಬ್ಬಿದೊಡನೆ ವಯಸ್ಸಾದವರ ಬಾಯಿಂದ ಹೊರಡುವ ಮೊದಲ ಮಾತು ಹೊಕ್ಕುಳದ ಕುರಿತಾಗಿರುತ್ತದೆ. “ಹೊಕ್ಕಳ ಸುತ್ತ ಹದ್ನಾಕ ಸೂಜಿ ಚುಚ್ತಾರ” ಎಂದು ಒಬ್ಬರು ಹೇಳಿದರೆ, “ಸೂಜಿ ಮಾಡಿಸ್ಕೊಂಡವ್ರಿಗಿ ಲಕ್ವಾ ಹೊಡಿತದ” ಎಂದು ಇನ್ನೊಬ್ಬರು ಸೇರಿಸುತ್ತಾರೆ. ಅಷ್ಟರಲ್ಲಿ ಗಾಯದ ಮೇಲೆ ಅರಿಶಿನವೋ ಸುಣ್ಣವೋ ಖಾರದ ಪುಡಿಯೋ ಬಿದ್ದಿರುತ್ತದೆ. ಆಸ್ಪತ್ರೆಯ ದಾರಿ ಮರೆತುಹೋಗಿರುತ್ತದೆ. ಆಸ್ಪತ್ರೆಗೆ ಹೋದವರಲ್ಲಿಯೂ ಕೆಲವರು ಮೊದಲ ಸೂಜಿಯ ನಂತರ ಮರಳಿ ಹೋಗುವುದಿಲ್ಲ.

ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹಿರಿಯರು ಹೇಳುತ್ತಿರುವುದು ಕಟ್ಟುಕಥೆಯಲ್ಲ. ಹಳೆಯ ಲಸಿಕೆಯನ್ನು ಹಾಕಿಸಿಕೊಂಡವರಲ್ಲಿ ಕೆಲವರಿಗೆ ನಿಜವಾಗಿಯೂ ಕೈಕಾಲುಗಳ ಸ್ವಾಧೀನ ತಪ್ಪುತ್ತಿತ್ತು. ಅದಕ್ಕೂ ಮಿಗಿಲಾದ ಸಂಗತಿಯೆಂದರೆ, ಆ ಅನಾಹುತದ ಕಾರಣವನ್ನು ಹುಡುಕಹೊರಟ ವಿಜ್ಞಾನಿಗಳಿಗೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ಮತ್ತೊಂದು ಕಠಿಣ ರೋಗದ ಗುಟ್ಟು ಕೈಗೆ ಸಿಕ್ಕಿತು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಲಿಗಳ ಮೆದುಳು ಮತ್ತು ಬೆನ್ನುಹುರಿಯಲ್ಲಿ ಆ ರೋಗದ ಗಾಯಗಳನ್ನು ಉಂಟುಮಾಡಿ ಔಷಧಗಳನ್ನು ಪರೀಕ್ಷಿಸುವ ಪದ್ಧತಿಯ ಮೂಲ ನಮ್ಮ ಅಜ್ಜಂದಿರ ಕಾಲದ ಅದೇ ಸೂಜಿಯಲ್ಲಿದೆ. ಆದುದರಿಂದ ಈ ಎರಡು ಕಥೆಗಳನ್ನು ಕೂಡಿಸಿಯೇ ಹೇಳಬೇಕು.

ಲೂಯಿ ಪಾಶ್ಚರ್ 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ನಿಗೆ ಮೊದಲ ಬಾರಿ ಲಸಿಕೆ ಕೊಡಿಸಿದನು. ಆ ಲಸಿಕೆ ಸಿದ್ಧವಾದದ್ದು ರೇಬೀಸ್ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ. ಬಾಲಕ ಬದುಕಿದನು. ಮುಂದೆ 1911ರಲ್ಲಿ ನಮ್ಮ ದೇಶದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ಈ ವಿಧಾನವನ್ನು ಬದಲಿಸಿ, ರೇಬೀಸ್ ಸೋಂಕಿತ ಪ್ರಾಣಿಯ ಮೆದುಳನ್ನು ಅರೆದು ಫೀನಾಲ್‌ನಿಂದ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಬಳಸುವ ಕ್ರಮವನ್ನು ತಂದರು. ತಯಾರಿಸಲು ಸುಲಭ, ಸಾಗಿಸಲು ಸುಲಭ, ಬೆಲೆಯೂ ಕಡಿಮೆ. ಕಸೌಲಿ, ನೀಲಗಿರಿಯ ಕೂನೂರು ಮುಂತಾದ ಕಡೆಗಳಲ್ಲಿ ಕುರಿಯ ಮೆದುಳಿನಿಂದ ತಯಾರಾದ ಈ ಲಸಿಕೆಯೇ ಹೆಚ್ಚುಕಡಿಮೆ ಒಂದು ಶತಮಾನ ಕಾಲ ಈ ದೇಶದ ಬಡವರನ್ನು ರೇಬೀಸ್‌ನಿಂದ ಕಾಪಾಡಿತು. ಅದರ ಋಣವನ್ನು ಮರೆಯಬಾರದು. ರೇಬೀಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಅಂದೂ ಇಂದೂ ಬದುಕುವವರು ಇಲ್ಲವೆಂದೇ ಹೇಳಬೇಕು.

ಹೊಕ್ಕುಳ ಸುತ್ತಲೇ ಏಕೆ? ಒಂದೊಂದು ಸಲಕ್ಕೂ ಒಳಗೆ ಹೋಗಬೇಕಾದ ದ್ರವದ ಪ್ರಮಾಣ ಹೆಚ್ಚಾಗಿತ್ತು. ಹೊಟ್ಟೆಯ ಚರ್ಮದಡಿಯಲ್ಲಿ ಅಷ್ಟನ್ನು ಹಿಡಿಸಲು ಜಾಗವಿರುತ್ತದೆ. ದಿನಕ್ಕೊಂದರಂತೆ 7ರಿಂದ 14 ದಿನಗಳವರೆಗೆ ಜಾಗ ಬದಲಿಸುತ್ತ ಚುಚ್ಚಬೇಕಾದುದರಿಂದ ಹೊಕ್ಕುಳದ ಸುತ್ತ ಒಂದು ವರ್ತುಲವೇ ಮೂಡುತ್ತಿತ್ತು. ಇದರಲ್ಲಿ ಬೇರಾವ ರಹಸ್ಯವೂ ಇರಲಿಲ್ಲ.

ಅನಾಹುತ ಬರುತ್ತಿದ್ದುದು ಸಾಮಾನ್ಯವಾಗಿ ಲಸಿಕೆ ಆರಂಭವಾಗಿ ಒಂದರಿಂದ ಮೂರು ವಾರಗಳೊಳಗೆ. ಮೊದಲು ಜ್ವರ, ತಲೆನೋವು, ಬೆನ್ನುನೋವು. ಅನಂತರ ಕಾಲುಗಳಲ್ಲಿ ಜೋಮು, ಮೂತ್ರ ಕಟ್ಟುವುದು, ಕಾಲುಗಳು ಬಲಗುಂದುವುದು. ಕೆಲವರಲ್ಲಿ ಮತಿಭ್ರಮಣೆ ಮತ್ತು ಪ್ರಜ್ಞಾಹೀನತೆ. ಎಷ್ಟೋ ಜನ ಚೇತರಿಸಿಕೊಂಡರು, ಕೆಲವರು ಅಂಗವಿಕಲರಾಗಿ ಉಳಿದರು, ಕೆಲವರು ತೀರಿಕೊಂಡರು. ಪ್ರಮಾಣದ ಬಗ್ಗೆ ಬೇರೆ ಬೇರೆ ವರದಿಗಳಿವೆ. ಹಲವು ಸಾವಿರಕ್ಕೆ ಒಬ್ಬರೆಂದು ಕೆಲವು ಹೇಳಿದರೆ, ಕೆಲವು ನೂರು ಜನರಲ್ಲಿ ಒಬ್ಬರೆಂದು ಇನ್ನು ಕೆಲವು ಹೇಳುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಕೂಡ 1980ರ ದಶಕದಲ್ಲಿ ತಮ್ಮಲ್ಲಿಗೆ ಬಂದ ಇಂತಹ ರೋಗಿಗಳನ್ನು ಕೂಲಂಕಷವಾಗಿ ಅಭ್ಯಸಿಸಿ ವರದಿ ಪ್ರಕಟಿಸಿದ್ದಾರೆ. ಹಳ್ಳಿಯ ಕಟ್ಟೆಯ ಮೇಲಿನ ಮಾತಿಗೂ ವೈದ್ಯಕೀಯ ಗ್ರಂಥಗಳ ದಾಖಲೆಗೂ ಇಲ್ಲಿ ವಿರೋಧವಿಲ್ಲ.

ಹಾಗಾದರೆ ಲಕ್ವಾ ತರುತ್ತಿದ್ದುದು ಯಾವುದು? ಲಸಿಕೆಯಲ್ಲಿ ಸಾಯದೆ ಉಳಿದ ರೇಬೀಸ್ ವೈರಾಣುವೋ, ಅಥವಾ ಬೇರೇನೋ? ಈ ಪ್ರಶ್ನೆ ಹಲವು ದಶಕ ಹಾಗೆಯೇ ಉಳಿದಿತ್ತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಇದಕ್ಕೆ ಒಂದು ಸರಳವಾದ ಪರೀಕ್ಷೆಯನ್ನು ಯೋಚಿಸಿದರು. ರೇಬೀಸ್ ಇಲ್ಲದ, ಆರೋಗ್ಯವಂತ ಮೊಲದ ಮೆದುಳನ್ನು ಅರೆದು ಮಂಗಗಳ ಸ್ನಾಯುವಿಗೆ ಮತ್ತೆ ಮತ್ತೆ ಚುಚ್ಚಿದರೆ ಏನಾಗುತ್ತದೆ? ವೈರಾಣುವೇ ಕಾರಣವಾಗಿದ್ದರೆ ಏನೂ ಆಗಬಾರದು. 1933ರಲ್ಲಿ ಪ್ರಕಟವಾದ ಅವರ ಮೊದಲ ವರದಿಯ ಪ್ರಕಾರ 8 ಮಂಗಗಳಲ್ಲಿ 2 ತೂರಾಡತೊಡಗಿ ಬಲಹೀನವಾದವು. ಎರಡು ವರ್ಷಗಳ ನಂತರ ಇನ್ನೂ ದೀರ್ಘಕಾಲ ಚುಚ್ಚುಮದ್ದು ಕೊಟ್ಟಾಗ ಹೆಚ್ಚಿನ ಮಂಗಗಳು ರೋಗಕ್ಕೆ ತುತ್ತಾದವು. ಅವುಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಅಚ್ಚರಿಯ ದೃಶ್ಯ: ಸಣ್ಣ ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳ ಮುತ್ತಿಗೆ, ಅದರ ಸುತ್ತ ನರತಂತುಗಳ ಮೇಲ್ಪೊರೆ ಕರಗಿಹೋದ ತೇಪೆಗಳು. ವೈರಾಣುವಿನ ಸುಳಿವೇ ಇಲ್ಲ. ಮೆದುಳಿಗೆ ಗಾಯ ಮಾಡಿದ್ದು ಆ ಮಂಗದ ಸ್ವಂತ ದೇಹವೇ.

ಇಲ್ಲಿ ಆ ಮೇಲ್ಪೊರೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ನಮ್ಮ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ಹೊಲದ ಬೋರಿನ ಮೋಟಾರಿಗೆ ಹೋಗುವ ತಂತಿಯ ರಬ್ಬರ್ ಕವಚವನ್ನು ಇಲಿ ಕಡಿದರೆ ಮೋಟಾರು ನಿಲ್ಲುವುದನ್ನು ರೈತರು ಬಲ್ಲರು. ಮೈಲಿನ್ ಹೋದರೆ ಆಗುವುದೂ ಸರಿಸುಮಾರು ಅಂಥದ್ದೇ. ಆದರೆ ಈ ಹೋಲಿಕೆ ಪೂರ್ಣವಲ್ಲ. ಮೈಲಿನ್ ಬರಿಯ ರಕ್ಷಣೆಯಲ್ಲ, ಅದು ವೇಗವನ್ನೂ ಕೊಡುತ್ತದೆ. ಹೊದಿಕೆಯಿಲ್ಲದ ಸಣ್ಣ ನರದಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರ್ ಸಾಗಿದರೆ, ದಪ್ಪ ಹೊದಿಕೆಯಿರುವ ನರದಲ್ಲಿ 100 ಮೀಟರಿಗೂ ಮಿಗಿಲಾಗಿ ಓಡುತ್ತದೆ. ಮುಳ್ಳು ತುಳಿದ ಕ್ಷಣವೇ ಕಾಲು ಹಿಂದೆ ಸರಿಯುವುದು ಈ ವೇಗದಿಂದಾಗಿ. ಕುರಿ, ಮೊಲ, ಮಂಗ, ಮನುಷ್ಯ, ಈ ಎಲ್ಲರ ಮೈಲಿನ್‌ನಲ್ಲಿರುವ ಪ್ರೋಟೀನುಗಳು ಬಹುಮಟ್ಟಿಗೆ ಒಂದೇ ಬಗೆಯವು. ತೊಂದರೆಯ ಮೂಲ ಇಲ್ಲಿಯೇ ಇದೆ.

ಲಸಿಕೆಯೊಡನೆ ಕುರಿಯ ಮೈಲಿನ್ ದೇಹದೊಳಗೆ ಹೊಕ್ಕಾಗ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸಿ ಅದರ ವಿರುದ್ಧ ಬಿಳಿ ರಕ್ತಕಣಗಳ ಪಡೆಯನ್ನು ಸಿದ್ಧಪಡಿಸುತ್ತದೆ. ಇದಕ್ಕೆ ಒಂದೆರಡು ವಾರ ಬೇಕು. ಸಿದ್ಧವಾದ ಪಡೆ ರಕ್ತದಲ್ಲಿ ಸಂಚರಿಸುತ್ತ ಮೆದುಳಿನ ಗಡಿಗೆ ಬರುತ್ತದೆ. ಮೆದುಳಿನ ರಕ್ತನಾಳಗಳಿಗೆ ನಮ್ಮ ರಾಜ್ಯದ ಗಡಿಯಲ್ಲಿರುವ ತಪಾಸಣಾ ನಾಕೆಯಂತಹ ಬಿಗಿಯಾದ ಗೋಡೆಯಿದೆ. ಕಂಡಕಂಡ ಕಣಗಳನ್ನು ಅದು ಒಳಗೆ ಬಿಡುವುದಿಲ್ಲ. ಉದ್ರಿಕ್ತವಾದ ಬಿಳಿ ಕಣಗಳು ಮಾತ್ರ ಆ ಗೋಡೆಗೆ ಅಂಟಿಕೊಂಡು ನುಸುಳುತ್ತವೆ. ಒಳಗೆ ಕಾಣುವುದು ತಾವು ಕಲಿತ ಕುರಿಯ ಮೈಲಿನ್‌ನಂತೆಯೇ ಇರುವ ತಮ್ಮದೇ ಮೈಲಿನ್. ಕಲಿತ ಪಾಠವನ್ನು ಅವು ಅಲ್ಲಿಯೇ ಒಪ್ಪಿಸುತ್ತವೆ.

ಈ ವಿವರಣೆ ಮನುಷ್ಯರ ವಿಷಯದಲ್ಲಿಯೂ ಸತ್ಯವೆಂದು ದೃಢಪಡಲು ಬಹಳ ಕಾಲ ಬೇಕಾಯಿತು. ಥಾಯ್ಲೆಂಡಿನ ಹೇಮಚುಧ ಮತ್ತು ಸಹೋದ್ಯೋಗಿಗಳು 1987ರಲ್ಲಿ ಸೆಂಪಲ್ ಲಸಿಕೆಯಿಂದ ನರರೋಗಕ್ಕೆ ತುತ್ತಾದವರ ರಕ್ತವನ್ನು ಪರೀಕ್ಷಿಸಿ, ಮೈಲಿನ್‌ನ ಒಂದು ಮುಖ್ಯ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಇರುವುದನ್ನು ತೋರಿಸಿದರು. ಮಂಗದಲ್ಲಿ ಕಂಡದ್ದು ಅರ್ಧ ಶತಮಾನದ ನಂತರ ಮನುಷ್ಯನಲ್ಲಿ ಸ್ಥಿರಪಟ್ಟಿತು.

ಇನ್ನು ಮಲ್ಟಿಪಲ್ ಸ್ಕ್ಲೀರೋಸಿಸ್. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೊ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿದರು. ಸತ್ತವರ ಮೆದುಳು ಮತ್ತು ಬೆನ್ನುಹುರಿಯಲ್ಲಿ ಅಲ್ಲಲ್ಲಿ ಗಟ್ಟಿಯಾದ ಕಲೆಗಳು ಕಂಡದ್ದರಿಂದ ಆ ಹೆಸರು. ಇಂದು ಬದುಕಿರುವವರ ಕಲೆಗಳನ್ನೇ ಎಂಆರ್‌ಐ ಚಿತ್ರದಲ್ಲಿ ನೋಡಬಹುದು. ಬೀದರಿನ ಕುಶಲಕರ್ಮಿಗಳು ಕಪ್ಪು ಬಿದರಿ ಪಾತ್ರೆಯ ಮೇಲೆ ಕೂರಿಸುವ ಬೆಳ್ಳಿಯ ಚುಕ್ಕೆಗಳಂತೆ ಅವು ಮೆದುಳಿನ ನಡುವಿನ ಕುಹರಗಳ ಸುತ್ತ ಬೆಳ್ಳಗೆ ಹೊಳೆಯುತ್ತವೆ. ಹೋಲಿಕೆ ಸುಂದರವಾಗಿರಬಹುದು, ಒಂದೊಂದು ಚುಕ್ಕೆಯೂ ಒಬ್ಬ ತರುಣಿಯ ಕಣ್ಣಿನ ದೃಷ್ಟಿಯೋ ಒಬ್ಬ ತರುಣನ ಕಾಲಿನ ಬಲವೋ ಆಗಿರುತ್ತದೆ.

ಶಾರ್ಕೊ ಕಂಡ ಕಲೆಗೂ ರಿವರ್ಸ್‌ನ ಮಂಗಗಳ ಗಾಯಕ್ಕೂ ಇದ್ದ ಹೋಲಿಕೆಯೇ ಹೊಸ ದಾರಿ ತೆರೆಯಿತು. 1940ರ ದಶಕದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಸಹಾಯಕ ದ್ರವ್ಯವನ್ನು ಬೆರೆಸಿ, ಹತ್ತಾರು ಚುಚ್ಚುಮದ್ದುಗಳ ಬದಲು ಒಂದೆರಡರಲ್ಲೇ ರೋಗ ತರಿಸುವ ಕ್ರಮ ಬಂದಿತು. ಆ ದಶಕದ ಕೊನೆಯ ಹೊತ್ತಿಗೆ ಮಂಗಗಳ ಸ್ಥಾನಕ್ಕೆ ಸುಂಡಿಲಿಗಳು ಬಂದವು. ಚುಚ್ಚಿದ ಸುಮಾರು 9ರಿಂದ 14 ದಿನಗಳಲ್ಲಿ ಮೊದಲು ಇಲಿಯ ಬಾಲ ಜೋತುಬೀಳುತ್ತದೆ, ಅನಂತರ ಹಿಂಗಾಲುಗಳು ಎಳೆದಾಡುತ್ತವೆ, ಕೊನೆಗೆ ಮುಂಗಾಲುಗಳು. ಸಂಶೋಧಕರು ದಿನವೂ ನೋಡಿ ಇದಕ್ಕೆ ಅಂಕಗಳನ್ನು ಕೊಡುತ್ತಾರೆ. ಕಾಯಿಲೆ ಕೆಳಗಿನಿಂದ ಮೇಲಕ್ಕೆ ಏರುವ ಈ ಕ್ರಮವನ್ನೂ ದಿನಗಳ ಲೆಕ್ಕವನ್ನೂ ಓದುವಾಗ, ಲಸಿಕೆಯ ಎರಡನೆಯ ವಾರದಲ್ಲಿ ಕಾಲು ಜೋಮುಗಟ್ಟಿ ಮಲಗಿದ ಹಳ್ಳಿಗರ ನೆನಪಾಗದೆ ಇರದು. 1960ರಲ್ಲಿ ಫಿಲಿಪ್ ಪ್ಯಾಟರ್ಸನ್ ರೋಗಗ್ರಸ್ತ ಇಲಿಯ ದುಗ್ಧಗ್ರಂಥಿಯ ಕಣಗಳನ್ನು ಆರೋಗ್ಯವಂತ ಇಲಿಗೆ ಸೇರಿಸಿದಾಗ ಅದಕ್ಕೂ ರೋಗ ಬಂದಿತು. ಗಾಯ ಮಾಡುವವು ಬಿಳಿ ಕಣಗಳೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಈ ಪ್ರಾಣಿಗಳಿಂದ ಮನುಷ್ಯರಿಗೆ ಬಂದ ಫಲಗಳಲ್ಲಿ ಎರಡನ್ನು ಹೇಳಬೇಕು. ಇಸ್ರೇಲಿನ ವೈಸ್‌ಮನ್ ಸಂಸ್ಥೆಯಲ್ಲಿ ಮೈಕೆಲ್ ಸೇಲಾ, ರೂತ್ ಆರ್ನನ್ ಮತ್ತು ದ್ವೋರಾ ಟೈಟೆಲ್‌ಬಾಮ್ ಮೈಲಿನ್ ಪ್ರೋಟೀನನ್ನು ಹೋಲುವ ಕೃತಕ ವಸ್ತುವೊಂದನ್ನು ಪ್ರಾಣಿಗಳಲ್ಲಿ ರೋಗ ತರಿಸುವುದಕ್ಕೆಂದೇ ತಯಾರಿಸಿದರು. ಅದು ರೋಗ ತರಲಿಲ್ಲ, ಬದಲಿಗೆ ತಡೆಯಿತು. 1971ರಲ್ಲಿ ಪ್ರಕಟವಾದ ಆ ಸೋಲು ಕಾಲು ಶತಮಾನದ ನಂತರ, 1996ರಲ್ಲಿ, ಗ್ಲಾಟಿರಮರ್ ಎಂಬ ಔಷಧವಾಗಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ಎರಡನೆಯದು, ಮೇಲೆ ಹೇಳಿದ ನಾಕೆಯನ್ನು ಬಿಗಿಗೊಳಿಸುವ ಔಷಧ. ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳುವ ಕೊಂಡಿಯನ್ನು ಪ್ರತಿಕಾಯದಿಂದ ಮುಚ್ಚಿದರೆ ಇಲಿಗಳು ರೋಗದಿಂದ ಪಾರಾಗುವುದನ್ನು 1992ರಲ್ಲಿ ಟೆಡ್ ಯೆಡ್ನಾಕ್ ತಂಡ ತೋರಿಸಿತು. ಅದರಿಂದ ಬಂದ ನಟಾಲಿಜುಮ್ಯಾಬ್ 2004ರಲ್ಲಿ ಬಳಕೆಗೆ ಬಂದಿತು. ಮಿದುಳಿಗೆ ಅಪರೂಪದ ವೈರಾಣು ಸೋಂಕು ತಗುಲಿದ್ದರಿಂದ ಕೆಲವೇ ತಿಂಗಳುಗಳಲ್ಲಿ ಅದನ್ನು ಹಿಂದೆ ಪಡೆದು, 2006ರಲ್ಲಿ ಕಟ್ಟುನಿಟ್ಟಿನ ನಿಯಮಗಳೊಡನೆ ಮತ್ತೆ ಕೊಡಲಾಯಿತು. ಕಾವಲನ್ನು ಬಿಗಿ ಮಾಡಿದರೆ ಕಳ್ಳರಂತೆ ಕಾವಲುಗಾರರೂ ಒಳಗೆ ಹೋಗಲಾರರು ಎಂಬುದು ಇಲಿಯಲ್ಲಿ ಕಂಡಿರಲಿಲ್ಲ.

ಇಲಿಯು ಮನುಷ್ಯನಲ್ಲ ಎಂಬ ಮಾತಿಗೆ ಇದೊಂದೇ ನಿದರ್ಶನವಲ್ಲ. ಉರಿಯೂತ ತರುವ ಟಿಎನ್ಎಫ್ ಎಂಬ ವಸ್ತುವನ್ನು ತಡೆದರೆ ಇಲಿಗಳಿಗೆ ಹಿತವಾಗುತ್ತಿತ್ತು. ಅದನ್ನೇ ರೋಗಿಗಳಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಫಲಿತಾಂಶ ತದ್ವಿರುದ್ಧ, ರೋಗ ಹೆಚ್ಚಾಗಿತ್ತು. ಸಂಧಿವಾತಕ್ಕೆ ಈ ಜಾತಿಯ ಔಷಧ ಬಳಸುವ ಮುನ್ನ ಮಲ್ಟಿಪಲ್ ಸ್ಕ್ಲೀರೋಸಿಸ್ ಇದೆಯೇ ಎಂದು ವೈದ್ಯರು ವಿಚಾರಿಸುವುದು ಇದಕ್ಕಾಗಿ. ಗಾಯದ ಜಾಗದಲ್ಲಿಯೂ ಭೇದವಿದೆ. ಸಾಮಾನ್ಯವಾಗಿ ಬಳಸುವ ಸುಂಡಿಲಿಗಳಲ್ಲಿ ಗಾಯ ಹೆಚ್ಚಾಗಿ ಬೆನ್ನುಹುರಿಯಲ್ಲಿ, ಮನುಷ್ಯರಲ್ಲಿ ಮೆದುಳಿನಲ್ಲಿಯೂ ಧಾರಾಳ. ಆದುದರಿಂದ ಮೆದುಳಿನ ಕಲೆಯನ್ನೇ ಅಭ್ಯಸಿಸಬೇಕಾದವರು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಕಡೆಗೋ, ಕ್ಯುಪ್ರಿಜೋನ್ ಎಂಬ ರಾಸಾಯನಿಕದ ಕಡೆಗೋ ತಿರುಗುತ್ತಾರೆ. ಕ್ಯುಪ್ರಿಜೋನ್ ತಾಮ್ರವನ್ನು ಹಿಡಿದಿಡುವ ವಸ್ತು. ಅದನ್ನು ಐದಾರು ವಾರ ಮೇವಿನಲ್ಲಿ ಬೆರೆಸಿ ತಿನ್ನಿಸಿದರೆ ಇಲಿಯ ಎರಡು ಮೆದುಳರ್ಧಗಳನ್ನು ಜೋಡಿಸುವ ಸೇತುವೆಯಲ್ಲಿ ಮೈಲಿನ್ ಕರಗುತ್ತದೆ. ಮೇವು ಬದಲಿಸಿದರೆ ಮತ್ತೆ ಬೆಳೆಯುತ್ತದೆ. ಹೋದ ಹೊದಿಕೆ ಮರಳಿ ಬರಬಲ್ಲುದು ಎಂಬುದು ಈ ರೋಗದ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಆಶಾದಾಯಕವಾಗಿ ಕಾಣುವ ಸಂಗತಿ. ಕುರಿ ಸಾಕುವವರಿಗೆ ಒಂದು ಮಾತು: ಗಬ್ಬದ ಕುರಿಗೆ ತಾಮ್ರದ ಕೊರತೆಯಾದರೆ ಹುಟ್ಟುವ ಮರಿ ಹಿಂಗಾಲು ತೂರಾಡಿಸುತ್ತ ನಡೆಯುತ್ತದೆ, ಅಲ್ಲಿಯೂ ಹಾಳಾಗಿರುವುದು ಮೈಲಿನ್ನೇ. ಪಶುವೈದ್ಯರನ್ನು ಕೇಳದೆ ತಾಮ್ರ ತಿನ್ನಿಸಬಾರದು. ಹೆಚ್ಚಾದರೆ ಕುರಿಗೆ ಅದು ವಿಷ.

ಈ ಓದಿನ ನಡುವೆ ಭಕ್ತರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಸಕಲ ಜೀವಿಗಳಲ್ಲಿ ದಯೆಯನ್ನು ಧರ್ಮದ ಮೂಲವಾಗಿಸಿದ ಕಲ್ಯಾಣದ ಶರಣರ ನೆಲದಲ್ಲಿ ನಿಂತು, ಮಂಗ ಮತ್ತು ಇಲಿಗಳ ಕಾಲು ಬೀಳಿಸುವ ವಿದ್ಯೆಯನ್ನು ಹೇಗೆ ಒಪ್ಪುವುದು? ಸುಲಭವಾದ ಉತ್ತರ ನನ್ನಲ್ಲಿಲ್ಲ. ಆ ಪ್ರಯೋಗಗಳ ಫಲವಾದ ಔಷಧವನ್ನು ನಮ್ಮ ಮನೆಯ ಮಗಳಿಗೆ ಬೇಡವೆನ್ನಲಾರೆವು. ಆ ಪ್ರಾಣಿಯ ನೋವನ್ನು ಇಲ್ಲವೆನ್ನಲೂ ಆಗದು. ಕಾನೂನಂತೂ ಈ ಪ್ರಶ್ನೆಯನ್ನು ಕೈಬಿಟ್ಟಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ನಾಲ್ಕನೆಯ ಅಧ್ಯಾಯವು ಪ್ರಯೋಗಗಳ ಮೇಲೆ ನಿಗಾ ಇಡುವ ಸಮಿತಿಗೆ ಅವಕಾಶ ಕಲ್ಪಿಸಿ, ಅನಗತ್ಯ ನೋವನ್ನು ತಡೆಯುವ ಹೊಣೆಯನ್ನು ಅದಕ್ಕೆ ಹೊರಿಸಿದೆ. ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಬೇಕು, ಇಲ್ಲದಿದ್ದರೆ ಸಂಖ್ಯೆ ಕಡಿಮೆ ಮಾಡಬೇಕು, ನೋವನ್ನು ತಗ್ಗಿಸಬೇಕು ಎಂಬ ತತ್ತ್ವವನ್ನು ವಿಜ್ಞಾನಿಗಳೇ 1959ರಷ್ಟು ಹಿಂದೆ ಮುಂದಿಟ್ಟರು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳಿನ ಸಂಗ್ರಹಾಲಯವಿದೆ. ಮರಣಾನಂತರ ದಾನವಾಗಿ ಬಂದ ಮೆದುಳುಗಳಲ್ಲಿ ಮನುಷ್ಯನ ರೋಗವನ್ನು ಮನುಷ್ಯನಲ್ಲೇ ಅಭ್ಯಸಿಸಲು ಅದು ಅನುವು ಮಾಡಿಕೊಡುತ್ತದೆ. ನೇತ್ರದಾನ, ದೇಹದಾನಗಳ ಬಗ್ಗೆ ಯೋಚಿಸುವ ಭಕ್ತರು ಇದನ್ನೂ ಅರಿತಿರಲಿ.

ಮಲ್ಟಿಪಲ್ ಸ್ಕ್ಲೀರೋಸಿಸ್ ನಮ್ಮ ಕಡೆ ಯುರೋಪಿನಷ್ಟು ಸಾಮಾನ್ಯವಲ್ಲ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು 8 ಜನರಲ್ಲಿ ಅದು ಕಂಡುಬಂದಿತು. ಅಪರೂಪವೆಂಬ ಕಾರಣಕ್ಕೇ ಗುರುತಿಸುವುದು ತಡವಾಗುತ್ತದೆ. 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ ಇದು ಹೆಚ್ಚು. ಒಂದು ಕಣ್ಣು ಮಂಜಾಗಿ, ಹೊರಳಿಸಿದರೆ ನೋಯುವುದು, ಎರಡೆರಡು ಕಾಣುವುದು, ಕಾಲುಗಳ ಜೋಮು ಕ್ರಮೇಣ ಸೊಂಟದವರೆಗೆ ಏರುವುದು, ನಡಿಗೆ ತೂಗಾಡುವುದು, ಮೂತ್ರದ ಹಿಡಿತ ತಪ್ಪುವುದು. ಇವು ಒಂದು ದಿನಕ್ಕಿಂತ ಹೆಚ್ಚು ಉಳಿದು, ವಾರಗಳಲ್ಲಿ ತಾವಾಗಿಯೇ ಇಳಿದು, ತಿಂಗಳುಗಳ ನಂತರ ಬೇರೆ ರೂಪದಲ್ಲಿ ಮರಳುತ್ತವೆ. ತಾನಾಗಿ ಇಳಿಯುವುದೇ ಇಲ್ಲಿನ ಮೋಸ. ಗಾಳಿ ಸೋಕಿತ್ತು, ದೃಷ್ಟಿ ತಾಗಿತ್ತು, ತಾಯಿತ ಕಟ್ಟಿಸಿದ ಮೇಲೆ ಹೋಯಿತು ಎಂದು ಮನೆಯವರು ನಂಬುತ್ತಾರೆ. ಮೆದುಳಿನಲ್ಲಿ ಮಾತ್ರ ಇನ್ನೊಂದು ಕಲೆ ಉಳಿದಿರುತ್ತದೆ. ಇದನ್ನು ಹೋಲುವ ಬೇರೆ ರೋಗಗಳೂ ಇದ್ದು, ಅವುಗಳ ಚಿಕಿತ್ಸೆ ಬೇರೆ. ಒಂದರ ಔಷಧ ಇನ್ನೊಂದಕ್ಕೆ ಕೆಡುಕು ಮಾಡಬಹುದು. ಆದುದರಿಂದ ನರರೋಗ ತಜ್ಞರೇ ನಿರ್ಣಯಿಸಬೇಕು. ರೋಗ ಖಚಿತವಾದವರು ತಿಳಿದಿರಬೇಕಾದ ವಿಷಯವೊಂದಿದೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಕೂಡ ಸೇರಿದೆ.

ನಮ್ಮ ಸಮಾಜಕ್ಕೆ ವಿಶೇಷವಾಗಿ ಅನ್ವಯಿಸುವ ಮಾತೊಂದು ಇಲ್ಲಿ ಬಿಟ್ಟುಹೋಗಬಾರದು. ಕಾಲುಗಳ ಜೋಮು, ಕತ್ತಲಲ್ಲಿ ನಡೆಯಲು ತಡವರಿಕೆ, ಮರೆವು, ಇವು ಬಿ12 ಜೀವಸತ್ತ್ವದ ಕೊರತೆಯಿಂದಲೂ ಬರುತ್ತವೆ. ಅಲ್ಲಿಯೂ ಬೆನ್ನುಹುರಿಯ ಮೈಲಿನ್ ಸವೆಯುತ್ತದೆ. ಧಾನ್ಯ, ಬೇಳೆ, ಕಾಯಿಪಲ್ಲೆಗಳಲ್ಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಹೈನು ಮಾರಿ ತಾವು ಕರಿಚಹಾ ಕುಡಿಯುವ ಮನೆಗಳಲ್ಲಿ, ಹಲ್ಲಿಲ್ಲದೆ ಊಟ ಕುಗ್ಗಿದ ವೃದ್ಧರಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಕೊರತೆ ಬರುವ ಸಂಭವ ಹೆಚ್ಚು. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಕಡಿಮೆ ಬೆಲೆಯ ಚುಚ್ಚುಮದ್ದು ಮತ್ತು ಗುಳಿಗೆಗಳಿಂದ ಸರಿಹೋಗುತ್ತದೆ. ಬಹಳ ತಡವಾದರೆ ಹಾನಿ ಪೂರ್ತಿ ಮರಳುವುದಿಲ್ಲ. ಮಲ್ಟಿಪಲ್ ಸ್ಕ್ಲೀರೋಸಿಸ್‌ನ ಚಿಂತೆಗೆ ಬೀಳುವ ಮೊದಲು ಈ ಸಣ್ಣ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಈಗ ಮೆಹಕರದ ಕಟ್ಟೆಗೆ ಹಿಂದಿರುಗೋಣ. ಭಾರತದಲ್ಲಿ ಮೆದುಳಿನಿಂದ ಮಾಡಿದ ರೇಬೀಸ್ ಲಸಿಕೆಯ ತಯಾರಿಕೆ 2004ರ ಡಿಸೆಂಬರಿನಲ್ಲಿ ನಿಂತಿತು. ಅಂದಿನಿಂದ ಹೊಕ್ಕುಳ ಸುತ್ತಲಿನ ಸೂಜಿಗಳೂ ಹೋದವು. ಹಿರಿಯರ ಎಚ್ಚರಿಕೆಯ ಮಾತು ಮಾತ್ರ ಹಾಗೆಯೇ ಉಳಿದು, ಇಂದು ಅದೇ ಪ್ರಾಣ ತೆಗೆಯುತ್ತಿದೆ. ಐಸಿಎಂಆರ್‌ನ ಇತ್ತೀಚಿನ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಜನ ರೇಬೀಸ್‌ನಿಂದ ಸಾಯುತ್ತಾರೆ. ಸರಿಯಾದ ಹೊತ್ತಿಗೆ ಗಾಯ ತೊಳೆದು ಲಸಿಕೆಯನ್ನು ಪೂರ್ತಿಯಾಗಿ ಪಡೆದಿದ್ದರೆ ಇವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಿದ್ದರು.

ನಾಯಿ, ಬೆಕ್ಕು, ಮಂಗ ಯಾವುದೇ ಕಚ್ಚಿದರೂ ಪರಚಿದರೂ ಮೊದಲ ಕೆಲಸ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯವನ್ನು ತೊಳೆಯುವುದು. ಸುಣ್ಣ, ಖಾರ, ಅರಿಶಿನ, ಎಣ್ಣೆ ಏನನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಲಸಿಕೆ ದೊಡ್ಡವರಿಗೆ ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಗೆ. ಸ್ನಾಯುವಿಗೆ ಕೊಡುವುದಾದರೆ ಮೊದಲ ದಿನವನ್ನು 0 ಎಂದು ಎಣಿಸಿ 0, 3, 7, 14, 28ನೆಯ ದಿನಗಳಲ್ಲಿ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೆಯ ದಿನಗಳಲ್ಲಿ, ಪ್ರತಿ ಬಾರಿ ಎರಡು ಕಡೆ ಅತಿ ಸ್ವಲ್ಪ ಪ್ರಮಾಣ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದನ್ನೂ ಕೊಡಿಸಲೇಬೇಕು; ಲಸಿಕೆ ತನ್ನ ಕೆಲಸ ಆರಂಭಿಸುವವರೆಗೆ ಕಾಯುವುದು ಅದು. ಗರ್ಭಿಣಿಯರಿಗೂ ಬಾಣಂತಿಯರಿಗೂ ಈ ಲಸಿಕೆ ನಿಷಿದ್ಧವಲ್ಲ. ನಾಯಿ ಹತ್ತು ದಿನ ಬದುಕಿದೆಯೋ ನೋಡೋಣ ಎಂದು ಲಸಿಕೆಯನ್ನು ಮುಂದೂಡಬಾರದು. ನಾಯಿಯನ್ನು ಗಮನಿಸುವುದು ಲಸಿಕೆ ಆರಂಭಿಸಿದ ಮೇಲಿನ ಮಾತು.

ಇಂದಿನ ಲಸಿಕೆಯಲ್ಲಿ ಕುರಿಯ ಮೆದುಳಿಲ್ಲ, ಮೈಲಿನ್ ಇಲ್ಲ. ಹಳೆಯ ಲಕ್ವಾ ಬರುವ ದಾರಿಯೇ ಅದರಲ್ಲಿಲ್ಲ. ಇಂತಹ ಲಸಿಕೆಗಳಲ್ಲಿ ಒಂದು ಬಗೆಯನ್ನು ವೀರೋ ಎಂಬ ಕಣಗಳಲ್ಲಿ ಬೆಳೆಸುತ್ತಾರೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಒಂದು ಆಫ್ರಿಕನ್ ಮಂಗದ ಮೂತ್ರಪಿಂಡದಿಂದ ತೆಗೆದ ಆ ಕಣಗಳು ಗಾಜಿನ ಪಾತ್ರೆಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಇಂದಿಗೂ ಬೆಳೆಯುತ್ತಲೇ ಇವೆ. ಹಿಂದೆ ಊರೂರಿನ ರೋಗಿಗಳಿಗಾಗಿ ವರ್ಷವರ್ಷವೂ ಕುರಿಗಳ ತಲೆ ಹೋಗುತ್ತಿತ್ತು. ಈಗ ಭಾಲ್ಕಿಯ ಆಸ್ಪತ್ರೆಯಲ್ಲಿ ಮಗುವಿನ ತೊಡೆಗೆ ಚುಚ್ಚುವ ಲಸಿಕೆಗಾಗಿ ಯಾವ ಕುರಿಯ ತಲೆಯೂ ಹೋಗುವುದಿಲ್ಲ.